ನಾನೂರ ಐವತ್ತೈದು ಕಿಲೋ

ಅಂದುಞಿಯ ಗುಜರಿ ಅಂಗಡಿಯ ತೂಕದ ಮಿಷನಿನ ಮೇಲೆ
ಸತ್ತ ಬ್ಯಾಟರಿ, ತಾಮ್ರದ ಸರಿಗೆ, ಪೇಪರಿನ ಕಟ್ಟು
ಏರಿ ಇಳಿಯುವ ಹಾಗೆಯೇ, ಶುಕ್ರವಾರ ಸಂಜೆ
ನಮ್ಮ ಹಗ್ಗದ ಟೀಮಿನ ಏಳು ಜನ ಏರಿ ಇಳಿಯುತ್ತಾರೆ.
ಏಳೂ ಸೇರಿ ನಾನೂರ ಐವತ್ತೈದು ದಾಟಬಾರದು. ನಿಯಮ.
ಬರೆಯುವವ ನಾನು,
ಹಿತ್ತಾಳೆ ಲೆಕ್ಕದ ಹಿಂಬದಿ ಪುಟದಲ್ಲಿ.

ಈ ವರ್ಷ ಹನ್ನೊಂದು ಕಡೆ ಹೋದೆವು. ಹನ್ನೊಂದು ಕಡೆ ಸೋತೆವು.
ಕುತ್ತಿಕ್ಕೋಲಿನಲ್ಲಿ, ಪೀಪಿ ಊದಿದವ ಬಾಯಿಂದ ಪೀಪಿ ತೆಗೆಯುವ ಮೊದಲೇ.
ಬಂದಡ್ಕದಲ್ಲಿ ಮಾತ್ರ ಸ್ವಲ್ಪ ಹೊತ್ತು ಹಗ್ಗ ಅಲುಗದೆ ನಿಂತಿತ್ತು.
ಆ ಸ್ವಲ್ಪ ಹೊತ್ತನ್ನು ಸಂಕಪ್ಪ ಹೇಳುತ್ತಲೇ ಇದ್ದಾನೆ;
ಹೇಳಿದಷ್ಟು ಸಲ ಅದಕ್ಕೆ ಐದೈದು ಸೆಕೆಂಡು ವಯಸ್ಸಾಗುತ್ತದೆ.

'ಶೂ,' ಅನ್ನುತ್ತಾನೆ ವಲೇರಿಯನ್. 'ಅವರ ಹಿಮ್ಮಡಿ ನೋಡಿದಿರಾ?'
'ಶೂ ಅಲ್ಲ ಮಾರಾಯ, ಹೊಟ್ಟೆ. ಬುಧವಾರ ಮದುವೆಯ ಬಿರಿಯಾನಿ,
ಗುರುವಾರ ಉಪವಾಸ. ತೂಕ ಇಳಿದೀತು, ಕೈ ಎಲ್ಲಿಂದ ಬರುವುದು?'
'ಕೋಚನ್ನು ಬದಲಿಸಬೇಕು.'
'ಕೋಚ್ ಎಲ್ಲಿದ್ದಾನೆ ಬದಲಿಸಲಿಕ್ಕೆ?'
ಮಾಲಿಂಗ ಮಣಿಯಾಣಿಗೆ ಎಲ್ಲ ಸೋಲೂ ನೆಲದ್ದು:
ಟಾಸ್ ಗೆದ್ದರೆ ಇಳಿಜಾರಿನ ಬದಿ ಕೇಳಿ ಅಂತ ಹೇಳಿದ್ದೆ, ಕೇಳಿದ್ದಾರಾ?
ಕುಂಞಂಬು ಮಲಯಾಳದಲ್ಲಿ ಹೆಕ್ಕಿದ ತಪ್ಪಿಗೆ
ಕನ್ನಡದಲ್ಲಿ ಉತ್ತರ; ಬೈಗುಳ ಬೇಕಾದಾಗ ತುಳು.
ನಮ್ಮ ಸೋಲಿಗೆ ಭಾಷೆಯ ಬರ ಇಲ್ಲ.

ಮೊನ್ನೆ ವಾರ್ಡ್ ಮೆಂಬರ್ ಬಂದು ಸಮಾಧಾನ ಹೇಳಿದ:
'ಆದದ್ದಾಯ್ತು, ಇನ್ನು ಮುಂದೆ ಹೋಗುವ.'
ನಗು ತಡೆಯಲಾಗಲಿಲ್ಲ ಯಾರಿಗೂ. ಪಾಪ,
ಈ ಆಟದಲ್ಲಿ ಮುಂದೆ ಹೋದವನೇ ಸೋತವ.
ಹನ್ನೊಂದು ಮೈದಾನದಲ್ಲಿ ನಾವು ಮುಂದೆಯೇ ಹೋದದ್ದು,
ನೆಲದಲ್ಲಿ ಹದಿನಾಲ್ಕು ಹಿಮ್ಮಡಿ ಗೀರಿಕೊಂಡು.

ಜಗಳ ಪಂಪ್‌ಸೆಟ್ಟಿನ ರಾಶಿಯ ಆಚೆ ಹೋದಾಗ
ಹಳೇ ಪುಸ್ತಕ ತೆಗೆದೆ. ಅಂದುಞಿಯ ಬಾಪ್ಪನ ಕೈಬರಹ.
ಪಡುಪಿನಿಂದ ಗೆದ್ದು ಆಡು ತಂದ ವರ್ಷ:
ಏಳು ಹೆಸರು, ಕೆಳಗೆ ಗೆರೆ, ನಾನೂರ ಐವತ್ತೈದು.
ಒಂದು ಗ್ರಾಮೂ ಹೆಚ್ಚಿಲ್ಲ ಕಡಿಮೆಯಿಲ್ಲ.
ಅದರಲ್ಲಿ ಐವರು ಮುರಕಲ್ಲು ಕಡಿಯುವವರು.
ಮೂರನೆಯದು ನನ್ನ ಹೆಸರು, ಅರವತ್ತಾರು.

ಈಗ ಕೋರೆಯಲ್ಲಿ ಮಿಷನ್ ಕೊಯ್ಯುತ್ತದೆ,
ಬೆಣ್ಣೆ ಕೊಯ್ದ ಹಾಗೆ, ಕೆಂಪು ಧೂಳು ಹಾರಿಸಿ.
ಈಗಿನ ಏಳರಲ್ಲಿ ಇಬ್ಬರು ಆಟೋದವರು,
ಒಬ್ಬ ಮೊಬೈಲಿಗೆ ಗಾಜು ಅಂಟಿಸುವವ,
ಬೇಕರಿಯ ರಜಾಕ್, ಕೆಎಸ್‌ಇಬಿಗೆ ಕಾಯುತ್ತಿರುವ ಹುಡುಗ.
ಕಿಲೋ ಅದೇ. ಅಂದಿನ ಬೆನ್ನು ಇಲ್ಲ.

ಹೇಳಲಿಲ್ಲ.
ಹೇಳಿದರೆ ಚರ್ಚೆ ಮುಗಿದುಬಿಡುತ್ತದೆ,
ಆಮೇಲೆ ಶುಕ್ರವಾರ ಇಷ್ಟು ಜನ ಎಲ್ಲಿಗೆ ಹೋಗಬೇಕು?

ಕೊರಗಪ್ಪ ಬಂದದ್ದು ಎಲ್ಲರಿಗಿಂತ ಕೊನೆಗೆ.
ಹಗ್ಗದಲ್ಲೂ ಅವ ಕೊನೆಯವ. ಅಂಗಿ ತೆಗೆದ.
ಬಂದಡ್ಕದ ಹಗ್ಗ ಹೆಗಲಲ್ಲಿ ಇನ್ನೂ ಹಾಗೇ,
ಯಾರೋ ಕಾಯಿಸಿದ ಸರಳಿನಿಂದ ಗೆರೆ ಎಳೆದ ಹಾಗೆ.
ಶೂ, ಬಿರಿಯಾನಿ, ಇಳಿಜಾರು ಎಲ್ಲ ಬಾಯಿ ಮುಚ್ಚಿದವು.
ಎಪ್ಪತ್ತೊಂದು. ಕೂಡಿಸಿದೆ. ನಾನೂರ ಐವತ್ತಮೂರು.

'ಎರಡು ಕಿಲೋ ಬಾಕಿ ಉಂಟು,' ಅಂದೆ.
'ಇರಲಿ,' ಅಂದ. 'ನಾಳೆ ಜೀಪು ಎಷ್ಟು ಗಂಟೆಗೆ?'

ಇನ್ನು ಈ ಟೀಮಿನ ಹಿಂದೆ ಬಂದರೆ ನನ್ನ ಹೆಸರು
ನಾಯಿಗೆ ಇಡಿ ಎಂದ ಸಂಕಪ್ಪ ಜೇಬು ತಡಕುತ್ತಿದ್ದ.
ತಲೆಗೆ ಅರವತ್ತು. ಹದಿನಾರು ಹೆಸರು ಬರೆದೆ.
ಸಂಕಪ್ಪನದ್ದು ನನ್ನ ಲೆಕ್ಕದಲ್ಲಿ.
ಅಂದುಞಿ ಶಟರ್ ಅರ್ಧ ಎಳೆದು
ಹೊರಗೆ ಹೋಗಿ ಜಗಳ ಆಡಿ ಅಂದ.
ಹೋದೆವು.